ಒಂದು ಕೆಲಸಕ್ಕೆ ಕೊಟ್ಟ ಮಾಹಿತಿ ಆ ಕೆಲಸಕ್ಕಷ್ಟೇ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಬಸ್ ನಿಲ್ದಾಣದ ಸುತ್ತಲಿನ ಯಾವುದಾದರೂ ಜೆರಾಕ್ಸ್ ಅಂಗಡಿಗೆ ಬೆಳಗಿನ ಪಾಳಿ ಮುಗಿಯುವ ಹೊತ್ತಿಗೆ ಹೋಗಿ ನೋಡಿ. ಹೊಸದಾಗಿ ಕೆಲಸಕ್ಕೆ ಸೇರುವವರು, ಪಿ.ಎಫ್. ಖಾತೆಯಲ್ಲಿ ಹೆಸರು ಸರಿಪಡಿಸಿಕೊಳ್ಳುವವರು, ಬಾಡಿಗೆ ಕರಾರಿಗೆ ದಾಖಲೆ ಬೇಕಾದವರು ಸಾಲಾಗಿ ನಿಂತಿರುತ್ತಾರೆ. "ಅಣ್ಣಾ, ಆಧಾರ್ ಪ್ರಿಂಟ್ ಬೇಕಿತ್ತು" ಎಂದು ಹೆಣ್ಣುಮಗಳೊಬ್ಬಳು ಕೇಳಿದರೆ ಅಂಗಡಿಯವನು ತಲೆ ಎತ್ತದೆಯೇ ಗೋಡೆಗೆ ಅಂಟಿಸಿದ ನಂಬರ್ ತೋರಿಸುತ್ತಾನೆ. "ಅದಕ್ಕೆ ವಾಟ್ಸ್‌ಆ್ಯಪ್ ಮಾಡಮ್ಮಾ." ಫೈಲ್ ಹೋಗುತ್ತದೆ. "ಪಾಸ್‌ವರ್ಡ್ ಹೇಳಿ" ಎಂದಾಗ ಆಕೆ ತನ್ನ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿಯನ್ನು ಎಲ್ಲರಿಗೂ ಕೇಳಿಸುವಂತೆ ಹೇಳುತ್ತಾಳೆ. ಹಾಳೆ ಹೊರಬರುತ್ತದೆ, ಚಿಲ್ಲರೆ ಕೊಟ್ಟು ಹೊರಡುತ್ತಾಳೆ. ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ದಿನವಿಡೀ ತೆರೆದೇ ಇರುವ ವಾಟ್ಸ್‌ಆ್ಯಪ್ ವೆಬ್‌ನಲ್ಲಿ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆ ಫೈಲ್ ಉಳಿದುಬಿಡುತ್ತದೆ.

ಅಂಗಡಿಯವನಿಗೆ ಕೆಟ್ಟ ಉದ್ದೇಶವೇನೂ ಇಲ್ಲ. ದಿನಕ್ಕೆ ಅಂಥ ಫೈಲುಗಳು ಎಷ್ಟೋ ಬಂದು ಬೀಳುತ್ತವೆ, ಅಳಿಸಲು ಪುರುಸೊತ್ತಿಲ್ಲ. ನಾಳೆ ಆ ಕಂಪ್ಯೂಟರಿನ ಮುಂದೆ ಕೂರುವ ಹುಡುಗ ಯಾರು, ಕೆಟ್ಟಾಗ ರಿಪೇರಿಗೆ ಒಯ್ಯುವವರು ಯಾರು, ಹಳೆಯ ಹಾರ್ಡ್‌ಡಿಸ್ಕ್ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಯಾರ ಕೈಗೆ ಸೇರುತ್ತದೆ ಎಂಬುದು ಮಾತ್ರ ಆಕೆಗೆ ಎಂದೂ ತಿಳಿಯುವುದಿಲ್ಲ.

ಈ ಅಪಾಯವನ್ನು ಸರ್ಕಾರದ ಕಚೇರಿಯೇ ಒಮ್ಮೆ ಬಾಯಿಬಿಟ್ಟು ಹೇಳಿತ್ತು. ಆಧಾರ್ ನೀಡುವ ವಿಶಿಷ್ಟ ಗುರುತಿನ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಹೊರಡಿಸಿದ ಪ್ರಕಟಣೆಯಲ್ಲಿ, ಆಧಾರ್ ಜೆರಾಕ್ಸ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿಯಷ್ಟೇ ಕಾಣುವ 'ಮಾಸ್ಕ್ಡ್ ಆಧಾರ್' ಬಳಸಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಪ್ರತಿಯನ್ನು ಪೂರ್ತಿ ಅಳಿಸಿ ಎಂದಿತ್ತು. ಎರಡೇ ದಿನದಲ್ಲಿ, ಮೇ 29ರಂದು, ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು ಎಂಬ ಕಾರಣ ಕೊಟ್ಟು ಕೇಂದ್ರದ ಐಟಿ ಸಚಿವಾಲಯ ಅದನ್ನು ವಾಪಸ್ ಪಡೆಯಿತು. ಪ್ರಕಟಣೆ ಹೋದರೂ ಮಾಸ್ಕ್ಡ್ ಆಧಾರ್ ಸೌಲಭ್ಯ ಪ್ರಾಧಿಕಾರದ ಜಾಲತಾಣದಲ್ಲಿ ಉಳಿಯಿತು. ಆ ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ.

ಜೆರಾಕ್ಸ್ ಅಂಗಡಿಯಲ್ಲಿ ನಿಂತ ಆ ಹೆಣ್ಣುಮಗಳಿಗೆ ತನ್ನ ಹೆಸರು, ಊರು, ಹುಟ್ಟಿದ ದಿನ ಗುಟ್ಟಿನ ಸಂಗತಿಗಳಲ್ಲ. ಕಾರ್ಖಾನೆಯ ಎಚ್‌ಆರ್‌ಗೆ ಕೊಡಲೆಂದೇ ಅವಳು ಬಂದದ್ದು. ಅವಳಿಗೆ ಸಿಗಬೇಕಾದ ರಕ್ಷಣೆ ಒಂದೇ: ನೌಕರಿಗೆಂದು ಕೊಟ್ಟದ್ದು ನೌಕರಿಗಷ್ಟೇ ಬಳಕೆಯಾಗಬೇಕು, ಕೆಲಸ ಮುಗಿದ ಮೇಲೆ ಅಳಿಯಬೇಕು. ಪೀಣ್ಯದಿಂದ ವೈಟ್‌ಫೀಲ್ಡ್‌ವರೆಗೆ, ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಬೆಂಗಳೂರಿನ ಅಂಚಿನಲ್ಲಿ ಬದುಕುವ ಲಕ್ಷಾಂತರ ಜನರ ಮಾಹಿತಿಗೆ ಸಂಬಂಧಿಸಿದ ಅನಾಹುತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಹೆಚ್ಚಿನವುಗಳಲ್ಲಿ ಮುರಿದದ್ದು ಇದೇ ನಿಯಮ.

ಬೆಂಗಳೂರಿನಿಂದ ಹೊರಟ ಅರ್ಜಿ

ಈ ನಿಯಮಕ್ಕೆ ಸಂವಿಧಾನದ ಬಲ ಸಿಕ್ಕಿದ್ದು ಕನ್ನಡಿಗರೊಬ್ಬರಿಂದ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ 1986ರಲ್ಲಿ ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. ಆ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತಾದರೂ, ಖಾಸಗಿ ಕಂಪನಿಗಳು ಆಧಾರ್ ದೃಢೀಕರಣ ಬಳಸಲು ಅವಕಾಶವಿದ್ದ 57ನೇ ಸೆಕ್ಷನ್ನಿನ ಆ ಭಾಗವನ್ನು ರದ್ದುಪಡಿಸಿತು. ಪುಟ್ಟಸ್ವಾಮಿ ಅವರು 2024ರ ಅಕ್ಟೋಬರಿನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಸಿಮ್ ಕೊಳ್ಳುವಾಗ, ಮಗುವನ್ನು ಶಾಲೆಗೆ ಸೇರಿಸುವಾಗ "ಇದು ಯಾಕೆ ಬೇಕು?" ಎಂದು ಕೇಳುವ ಧೈರ್ಯ ನಮಗಿಂದು ಇದ್ದರೆ, ಅದರಲ್ಲಿ ಅವರ ಪಾಲು ದೊಡ್ಡದು.

ಮನೆಬಾಗಿಲಿಗೆ ಬಂದ ಆ್ಯಪ್

ಹಕ್ಕು ಸಿಕ್ಕ ಮಾತ್ರಕ್ಕೆ ಮಾಹಿತಿ ಸುರಕ್ಷಿತವಾಗುವುದಿಲ್ಲ ಎಂಬುದಕ್ಕೆ ವೈಟ್‌ಫೀಲ್ಡ್ ಒಳಗೊಂಡ ಮಹದೇವಪುರ ವಿಧಾನಸಭಾ ಕ್ಷೇತ್ರವೇ ಸಾಕ್ಷಿ. 2022ರ ನವೆಂಬರಿನಲ್ಲಿ 'ಪ್ರತಿಧ್ವನಿ' ಮತ್ತು 'ದಿ ನ್ಯೂಸ್ ಮಿನಿಟ್' ಒಂದು ತನಿಖಾ ವರದಿ ಪ್ರಕಟಿಸಿದವು. ಮತದಾರರಲ್ಲಿ ಜಾಗೃತಿ ಮೂಡಿಸಲು ಬಿಬಿಎಂಪಿಯಿಂದ ಅನುಮತಿ ಪಡೆದಿದ್ದ 'ಚಿಲುಮೆ' ಎಂಬ ಟ್ರಸ್ಟಿನ ಕೆಲಸಗಾರರು ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ಹಿಡಿದು ಮನೆಮನೆಗೆ ಹೋಗಿ, ಮತದಾರರ ವೈಯಕ್ತಿಕ ವಿವರ ಸಂಗ್ರಹಿಸಿ, ಚುನಾವಣಾ ಆಯೋಗದ 'ಗರುಡ' ಆ್ಯಪ್ ಬದಲು 'ಡಿಜಿಟಲ್ ಸಮೀಕ್ಷಾ' ಎಂಬ ಖಾಸಗಿ ಆ್ಯಪಿಗೆ ಏರಿಸಿದರು ಎಂಬುದು ಆರೋಪ. ಪೊಲೀಸ್ ಪ್ರಕರಣ ದಾಖಲಾಯಿತು, ಬಂಧನಗಳಾದವು. ಚುನಾವಣಾ ಆಯೋಗ ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತು ಮಾಡಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಆ ವರ್ಷ ಸೇರಿದ ಮತ್ತು ಅಳಿದ ಹೆಸರುಗಳನ್ನೆಲ್ಲ ಮರುಪರಿಶೀಲಿಸಲು ಆದೇಶಿಸಿತು.

ಬಾಗಿಲು ತೆರೆದ ಗೃಹಿಣಿ ಇಲ್ಲಿ ಎಡವಿದ್ದೆಲ್ಲಿ? ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲ್ ಇದ್ದವರನ್ನು ನಂಬಿ ಮನೆಯವರ ವಿವರ ಕೊಟ್ಟರು. ಅದು ಮತದಾರರ ಪಟ್ಟಿಗೆಂದು ಕೊಟ್ಟದ್ದು. ಆ ವಿವರ ಯಾವ ಸರ್ವರಿಗೆ ಹೋಗುತ್ತದೆ ಎಂದು ನೋಡುವ ಶಕ್ತಿ ಆಕೆಗಿರಲಿಲ್ಲ. ಅನುಮತಿ ಕೊಟ್ಟ ಕಚೇರಿಗೆ ಇತ್ತು. ಆದ್ದರಿಂದ "ಜನ ಎಚ್ಚರದಿಂದಿರಬೇಕು" ಎಂಬ ಉಪದೇಶವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮಾಹಿತಿ ಕೊಡುವವರಿಗಿಂತ ಪಡೆಯುವವರ ಹೊಣೆ ದೊಡ್ಡದು.

ಹೆಬ್ಬೆಟ್ಟು ಬದಲಿಸಲಾಗದು

ಪಾಸ್‌ವರ್ಡ್ ಹೋದರೆ ಹೊಸದು ಇಡಬಹುದು. ಹೆಬ್ಬೆರಳಿನ ಗೆರೆ ಹೋದರೆ? 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಯಿಂದ ಅವರಿಗೆ ಗೊತ್ತಿಲ್ಲದೆ ಹಣ ಹೋಯಿತು. ಒಟಿಪಿ ಬರಲಿಲ್ಲ, ಪಿನ್ ಕೇಳಲಿಲ್ಲ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಸಾಕು. ಹಳ್ಳಿಯ ಬ್ಯಾಂಕ್ ಮಿತ್ರರ ಬಳಿ ಪಿಂಚಣಿ ಪಡೆಯುವ ವೃದ್ಧರಿಗೆ ಅನುಕೂಲವಾಗಲೆಂದು ರೂಪಿಸಿದ ವ್ಯವಸ್ಥೆ ಅದು. ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳಿಂದ ಬೆರಳಚ್ಚು, ಆಧಾರ್ ಸಂಖ್ಯೆ ಎತ್ತಿಕೊಂಡು ವಂಚಕರು ನಕಲಿ ಬೆರಳಚ್ಚು ತಯಾರಿಸುತ್ತಿದ್ದರು ಎಂಬುದು ತನಿಖೆಯಲ್ಲಿ ಹೊರಬಿತ್ತು. ಆಮೇಲೆ ಇಲಾಖೆ ಅವನ್ನು ಮರೆಮಾಡಲು ಕ್ರಮ ಕೈಗೊಂಡಿತು. ಸೈಟು ಕೊಂಡದ್ದಕ್ಕೆ ಒತ್ತಿದ ಹೆಬ್ಬೆಟ್ಟು ಬ್ಯಾಂಕ್ ಖಾತೆಯ ಬೀಗ ತೆಗೆದಿತ್ತು.

ಆಧಾರಿನ ಬಯೊಮೆಟ್ರಿಕ್ ಲಾಕ್ ಸೌಲಭ್ಯ ಇದಕ್ಕೆಂದೇ ಇದೆ. ಪ್ರಾಧಿಕಾರದ ಜಾಲತಾಣ ಅಥವಾ ಆ್ಯಪಿನಲ್ಲಿ ಒಮ್ಮೆ ಲಾಕ್ ಮಾಡಿಟ್ಟರೆ ಬೆರಳಚ್ಚಿನ ದೃಢೀಕರಣ ನಡೆಯುವುದಿಲ್ಲ. ಪಡಿತರಕ್ಕೋ ಸಿಮ್ಮಿಗೋ ಬೇಕಾದಾಗ ತಾತ್ಕಾಲಿಕವಾಗಿ ತೆರೆದು ಮತ್ತೆ ಮುಚ್ಚಬಹುದು.

ಪೀಣ್ಯದ ಸಾಲು ಸಾಲು ಶೆಡ್ಡುಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ಹಾಜರಾತಿಗೆ ದಿನಾ ಹೆಬ್ಬೆಟ್ಟು ಒತ್ತುವವರು ಇನ್ನೊಂದು ಪ್ರಶ್ನೆ ಕೇಳಬೇಕು. ಅಂಥ ಯಂತ್ರ ಸಾಮಾನ್ಯವಾಗಿ ಬೆರಳಿನ ಚಿತ್ರ ಇಟ್ಟುಕೊಳ್ಳುವುದಿಲ್ಲ. ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬ ಬಿಂದುಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಅದಕ್ಕೆ 'ಟೆಂಪ್ಲೇಟ್' ಎನ್ನುತ್ತಾರೆ. ಆ ಟೆಂಪ್ಲೇಟ್ ಯಂತ್ರದಲ್ಲೇ ಇದೆಯೋ, ಯಂತ್ರ ಮಾರಿದ ಕಂಪನಿಯ ಕ್ಲೌಡಿಗೆ ಹೋಗುತ್ತದೆಯೋ? ಕೆಲಸ ಬಿಟ್ಟ ಮೇಲೆ ಅಳಿಸುತ್ತಾರೋ? ಎಷ್ಟೋ ಸಣ್ಣ ಕಾರ್ಖಾನೆಗಳಲ್ಲಿ ಮಾಲೀಕರಿಗೇ ಉತ್ತರ ಗೊತ್ತಿರುವುದಿಲ್ಲ. ಮೂವತ್ತು ಜನರಿರುವ ಶೆಡ್ಡಿಗೆ ಸ್ವೈಪ್ ಕಾರ್ಡ್ ಸಾಕಾಗುವಾಗ ಹೆಬ್ಬೆಟ್ಟೇ ಏಕೆ ಬೇಕು ಎಂದು ಯಂತ್ರ ಕೊಳ್ಳುವ ಮೊದಲೇ ಯೋಚಿಸುವುದು ಲೇಸು.

ಸಾಲ ಒಬ್ಬರದು, ನಂಬರ್ ಎಲ್ಲರದು

ತಿಂಗಳ ಕೊನೆಗೆ ಕೈ ಖಾಲಿಯಾದ ಕಾರ್ಮಿಕರನ್ನು ಹಿಂಡಿದ್ದು ಸಾಲದ ಆ್ಯಪುಗಳು. ಇಳಿಸಿಕೊಳ್ಳುವಾಗ ಕಾಂಟ್ಯಾಕ್ಟ್ಸ್, ಫೋಟೊ, ಎಸ್ಎಂಎಸ್ ನೋಡಲು ಅನುಮತಿ ಕೇಳುತ್ತವೆ. 'ಅಲೌ' ಒತ್ತಿದ ಕೆಲವೇ ಕ್ಷಣಗಳಲ್ಲಿ ಫೋನಿನಲ್ಲಿರುವ ಹೆಸರು, ನಂಬರುಗಳೆಲ್ಲ ಅವರ ಸರ್ವರ್ ಸೇರುತ್ತವೆ. ಕಂತು ತಪ್ಪಿದರೆ ಊರಿನ ಮಾವನಿಗೆ, ಸೂಪರ್‌ವೈಸರಿಗೆ, ಮಗಳ ಟೀಚರಿಗೆ ತಿದ್ದಿದ ಅಶ್ಲೀಲ ಚಿತ್ರ ಹೋಗುತ್ತದೆ. ಬೆಂಗಳೂರು ಸೈಬರ್ ಕ್ರೈಂ ಪೊಲೀಸರು ದಾಖಲಿಸಿದ್ದ 18 ಎಫ್ಐಆರ್‌ಗಳ ಆಧಾರದ ಮೇಲೆ ಜಾರಿ ನಿರ್ದೇಶನಾಲಯ 2022ರ ಸೆಪ್ಟೆಂಬರ್ ಮೊದಲ ವಾರ ನಗರದ ಆರು ಕಡೆ ಶೋಧ ನಡೆಸಿದ್ದು ಇಂಥದೇ ಜಾಲದ ಬೆನ್ನು ಹತ್ತಿ.

ಅದೇ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲದ ಮಾರ್ಗಸೂಚಿ ಹೊರಡಿಸಿತು. ಸಾಲದ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಫೈಲು, ಫೋಟೊ ಮುಟ್ಟುವಂತಿಲ್ಲ. ಕ್ಯಾಮೆರಾ, ಮೈಕ್, ಲೊಕೇಶನ್ ಬೇಕಿದ್ದರೆ ಕೆವೈಸಿಗೆಂದು ಒಮ್ಮೆ ಮಾತ್ರ, ಅದೂ ಸ್ಪಷ್ಟ ಒಪ್ಪಿಗೆ ಪಡೆದು. ಅಧಿಕೃತ ಸಾಲದ ಆ್ಯಪುಗಳ ಪಟ್ಟಿ 2025ರ ಜುಲೈಯಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಇದೆ. ಕಾಂಟ್ಯಾಕ್ಟ್ಸ್ ಕೇಳುವ ಸಾಲದ ಆ್ಯಪ್ ಕಂಡರೆ ಬೇರೇನೂ ಪರೀಕ್ಷಿಸಬೇಕಿಲ್ಲ, ತೆಗೆದುಹಾಕಿ. ನಿಮ್ಮ ಫೋನಿನಲ್ಲಿರುವ ನಂಬರುಗಳು ನಿಮ್ಮವಲ್ಲ, ನಿಮ್ಮನ್ನು ನಂಬಿ ಕೊಟ್ಟವರವು.

ಸೋರಿದ ಪಟ್ಟಿ, ತಾಳೆಯಾದ ಪಾಸ್‌ವರ್ಡ್

ಒಳ್ಳೆಯ ಹೆಸರಿನ ಕಂಪನಿಗೆ ಕೊಟ್ಟರೆ ನಿಶ್ಚಿಂತೆ ಎನ್ನುವಂತೆಯೂ ಇಲ್ಲ. ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು ಎರಡು ಕೋಟಿ ಗ್ರಾಹಕರ ವಿವರ 2020ರ ಅಕ್ಟೋಬರಿನಲ್ಲಿ ಸೋರಿತು. ಕಂಪನಿ ನಗರದ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ಆ ಇಡೀ ಪಟ್ಟಿಯನ್ನು ಹ್ಯಾಕರುಗಳು ಅಂತರ್ಜಾಲದಲ್ಲಿ ಪುಕ್ಕಟೆ ಹಾಕಿದರು. ಇ-ಮೇಲ್, ಫೋನ್, ಮನೆ ವಿಳಾಸ, ಹುಟ್ಟಿದ ದಿನದ ಜೊತೆ ಪಾಸ್‌ವರ್ಡುಗಳೂ 'ಹ್ಯಾಶ್' ರೂಪದಲ್ಲಿದ್ದವು.

ಹ್ಯಾಶ್ ಮಾಡುವುದೆಂದರೆ ರಾಗಿ ಬೀಸಿದಂತೆ. ಹಿಟ್ಟಿನಿಂದ ಮತ್ತೆ ಕಾಳು ಮಾಡಲಾಗದು. ಆದರೆ ಕಳ್ಳನಿಗೆ ಹಿಂದಕ್ಕೆ ಹೋಗುವ ಅಗತ್ಯವೇ ಇಲ್ಲ. ಜನ ಸಾಮಾನ್ಯವಾಗಿ ಇಡುವ ಪಾಸ್‌ವರ್ಡುಗಳ ದೊಡ್ಡ ಪಟ್ಟಿಯನ್ನೇ ಅದೇ ಗಿರಣಿಗೆ ಹಾಕಿ, ಬಂದ ಹಿಟ್ಟನ್ನು ಕದ್ದ ಹಿಟ್ಟಿನೊಂದಿಗೆ ತಾಳೆ ನೋಡುತ್ತಾನೆ. ಬಿಗ್‌ಬಾಸ್ಕೆಟ್ ಪಟ್ಟಿಯಲ್ಲಿದ್ದ 'ಎಸ್ಎಚ್ಎ-1' ಬಹಳ ವೇಗದ ಗಿರಣಿ. ಆದ್ದರಿಂದಲೇ ಪಾಸ್‌ವರ್ಡಿಗೆ ಅದು ಸಲ್ಲದು. ಮಗನ ಹೆಸರಿಗೆ ಹುಟ್ಟಿದ ವರ್ಷ ಸೇರಿಸಿದ ಪಾಸ್‌ವರ್ಡ್ ಅಲ್ಲಿ ಹೆಚ್ಚು ಹೊತ್ತು ನಿಲ್ಲದು. ತರಕಾರಿ ಆ್ಯಪಿಗೆ ಇಟ್ಟದ್ದನ್ನೇ ಇ-ಮೇಲಿಗೂ ಇಟ್ಟಿದ್ದರೆ ನಷ್ಟ ತರಕಾರಿಯದ್ದಾಗಿ ಉಳಿಯದು, ಏಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಇ-ಮೇಲಿಗೇ. ಇ-ಮೇಲಿಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್, ಅದರ ಮೇಲೆ ಎರಡನೇ ಹಂತದ ದೃಢೀಕರಣ, ಉಳಿದವಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಂಡರೆ ಒಂದು ಕಡೆಯ ಸೋರಿಕೆ ಇನ್ನೊಂದು ಕಡೆಗೆ ಹರಡದು.

ಆಫೀಸಿನ ಲ್ಯಾಪ್‌ಟಾಪ್ ನಿಮ್ಮದಲ್ಲ

ಟೆಕ್‌ಪಾರ್ಕಿನ ಫುಡ್‌ಕೋರ್ಟಿನಲ್ಲಿ ವೈಫೈ ಬಳಸುವವರಿಗೆ, ತಾಣದೊಂದಿಗಿನ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಎಚ್‌ಟಿಟಿಪಿಎಸ್ ಒಳ್ಳೆಯ ರಕ್ಷಣೆ. ನಡುವೆ ಕುಳಿತವರಿಗೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಸಾಮಾನ್ಯವಾಗಿ ತಿಳಿದೀತು, ಅಲ್ಲಿ ಏನು ಓದಿದಿರಿ, ಏನು ಬರೆದಿರಿ ಎಂಬುದು ತಿಳಿಯದು. ಕಂಪನಿ ಕೊಟ್ಟ ಲ್ಯಾಪ್‌ಟಾಪಿನ ಕಥೆ ಬೇರೆ. ಅದರಲ್ಲಿ ಕಂಪನಿ ತನ್ನದೇ ಡಿಜಿಟಲ್ ಸರ್ಟಿಫಿಕೇಟ್ ಅಳವಡಿಸಿದ್ದರೆ ಎಚ್‌ಟಿಟಿಪಿಎಸ್ ಸಂಪರ್ಕವನ್ನೂ ತೆರೆದು ನೋಡಬಲ್ಲದು. ಗ್ರಾಹಕರ ಕೋಡ್ ಸೋರದಂತೆ ಕಾಯಲು ಹಾಗೆ ಮಾಡುವುದು ಕಾನೂನಿಗೆ ವಿರುದ್ಧವೂ ಅಲ್ಲ. ಆದ್ದರಿಂದ ರಕ್ತಪರೀಕ್ಷೆಯ ವರದಿ, ಮನೆಸಾಲದ ಕಾಗದ, ಬೇರೆ ಕೆಲಸದ ಹುಡುಕಾಟ ಎಲ್ಲವೂ ಸ್ವಂತ ಫೋನಿನಲ್ಲೇ ಇರಲಿ. ಆಫೀಸಿನ ಬ್ರೌಸರಿಗೆ ಸ್ವಂತ ಇ-ಮೇಲ್ ಖಾತೆಯಿಂದ ಲಾಗಿನ್ ಆದರೆ ಅಲ್ಲಿ ಉಳಿಸಿದ ಪಾಸ್‌ವರ್ಡುಗಳೂ ಆ ಲ್ಯಾಪ್‌ಟಾಪಿಗೆ ಇಳಿಯಬಹುದು. ಕೆಲಸ ಬಿಡುವ ದಿನ ಅದನ್ನು ವಾಪಸ್ ಕೊಡುತ್ತೀರಿ ಎಂಬುದು ನೆನಪಿರಲಿ.

ಕನ್ನಡದಲ್ಲಿ ಕೇಳುವ ಹಕ್ಕು

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಆ ನಿಯಮಗಳ ಪ್ರಕಾರ ಹದಿನೆಂಟು ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕು.

ಕಾಯ್ದೆಯೊಳಗೇ ಕೊಟ್ಟಿರುವ ಒಂದು ಉದಾಹರಣೆ ನಮ್ಮ ವಿಷಯಕ್ಕೆ ನೇರ ಸಲ್ಲುತ್ತದೆ. ವೈದ್ಯರನ್ನು ಫೋನಿನಲ್ಲೇ ಕಾಣುವ ಆ್ಯಪ್ ಒಂದನ್ನು ಒಬ್ಬಾಕೆ ಇಳಿಸಿಕೊಳ್ಳುತ್ತಾಳೆ. ಚಿಕಿತ್ಸೆಗೂ ಕಾಂಟ್ಯಾಕ್ಟ್ ಪಟ್ಟಿಗೂ ಅದು ಒಪ್ಪಿಗೆ ಕೇಳುತ್ತದೆ, ಆಕೆ ಎರಡಕ್ಕೂ ಹೂಂ ಎನ್ನುತ್ತಾಳೆ. ಚಿಕಿತ್ಸೆಗೆ ಕಾಂಟ್ಯಾಕ್ಟ್ ಪಟ್ಟಿ ಬೇಕಿಲ್ಲವಾದ್ದರಿಂದ ಆಕೆಯ ಒಪ್ಪಿಗೆ ಚಿಕಿತ್ಸೆಗೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಬಹುದು. ಮಾಹಿತಿ ಸೋರಿದರೆ ಬಾಧಿತರಿಗೆ ತಡಮಾಡದೆ ತಿಳಿಸಬೇಕು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ.

ಕನ್ನಡಿಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಅಂಶ ಇನ್ನೊಂದಿದೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ. ಹಾವೇರಿಯಿಂದ, ಯಾದಗಿರಿಯಿಂದ ಪೀಣ್ಯಕ್ಕೆ ದುಡಿಯಲು ಬಂದವರ ಮುಂದೆ ಹತ್ತು ಪುಟದ ಇಂಗ್ಲಿಷ್ ಷರತ್ತು ಹಿಡಿದು 'ಐ ಅಗ್ರೀ' ಒತ್ತಿಸಿಕೊಳ್ಳುವುದನ್ನು ಒಪ್ಪಿಗೆ ಎನ್ನಲಾಗದು.

ಕಾಯ್ದೆಯ ದೋಷಗಳನ್ನೂ ಹೇಳಲೇಬೇಕು. ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು. ಉದ್ಯೋಗದ ಉದ್ದೇಶಗಳಿಗೆ ಮಾಲೀಕರು ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು. ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ನೊಂದವರಿಗೆ ಪರಿಹಾರ ಕೊಡಿಸುವ ಐಟಿ ಕಾಯ್ದೆಯ 43ಎ ಸೆಕ್ಷನ್ನನ್ನು ಈ ಕಾಯ್ದೆ ತೆಗೆದುಹಾಕುತ್ತದೆ. ಖಾತೆ ಖಾಲಿಯಾದ ಕಾರ್ಮಿಕನಿಗೆ ಇದು ನ್ಯಾಯವಲ್ಲ. ಹಣ ಹೋದರೆ ಅವನಿಗಿರುವ ತುರ್ತು ದಾರಿ 1930 ಸಹಾಯವಾಣಿ ಮತ್ತು ಸೈಬರ್ ಅಪರಾಧ ನೋಡಿಕೊಳ್ಳುವ ಹತ್ತಿರದ ಸಿಇಎನ್ ಪೊಲೀಸ್ ಠಾಣೆ. ಎಷ್ಟು ಬೇಗ ಕರೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಕಲಿತ ವಿದ್ಯೆ ಮನೆಗೂ ಬರಲಿ

ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗಾ ಅವರ ಕನಸಿನಂತೆ 1970ರ ದಶಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಶುರುವಾದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂದು ಜಗತ್ತಿನ ಬ್ಯಾಂಕುಗಳ, ಆಸ್ಪತ್ರೆಗಳ ಸಾಫ್ಟ್‌ವೇರ್ ತಯಾರಾಗುತ್ತದೆ. ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ತಪ್ಪಿದರೆ ಜಾಗತಿಕ ವಹಿವಾಟಿನ ಶೇ 4ರಷ್ಟು ಅಥವಾ ಎರಡು ಕೋಟಿ ಯೂರೊ, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ. ಅದಕ್ಕಾಗಿ ಇಲ್ಲಿನ ಎಂಜಿನಿಯರುಗಳು ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಕೇಳದ, ಅವಧಿ ಮುಗಿದೊಡನೆ ಅಳಿಸುವ, ಯಾರು ಯಾವಾಗ ನೋಡಿದರೆಂದು ದಾಖಲಿಸುವ ಕೋಡನ್ನು ವರ್ಷಗಳಿಂದ ಬರೆಯುತ್ತಿದ್ದಾರೆ.

ಅದೇ ಎಂಜಿನಿಯರು ಸಂಜೆ ಮರಳುವ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಏನು ನಡೆಯುತ್ತದೆ? "ನಂಬರ್ ಹೇಳಕ್ಕಾ, ಇಲ್ಲಿ ನೋಡಿ, ಫೋಟೊ" ಎನ್ನುತ್ತಾನೆ ಸೆಕ್ಯುರಿಟಿ ಹುಡುಗ. ಮನೆಗೆಲಸದಾಕೆ ನಿಂತು ಮುಖ ತೋರಿಸುತ್ತಾಳೆ. ಅವಳ ಫೋಟೊ, ನಂಬರ್, ಯಾವ ಯಾವ ಮನೆಗೆ ಹೋಗುತ್ತಾಳೆ, ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೊರಟಳು ಎಂಬುದು ನಿವಾಸಿಗಳ ಮೊಬೈಲಿನಲ್ಲಿ ಕಾಣುತ್ತದೆ. ಎಷ್ಟೋ ಕಡೆ ಅವಳಿಗೆ ನಕ್ಷತ್ರದ ಅಂಕವನ್ನೂ ಕೊಡುತ್ತಾರೆ. ಕಳ್ಳರನ್ನು ತಡೆಯಲೆಂದು ಕೊಟ್ಟ ವಿವರ ಅವಳ ಚಲನವಲನದ ಪಟ್ಟಿಯಾಗಿ ಬೆಳೆದಿದೆ. ಕೆಲಸ ಬಿಟ್ಟು ವರ್ಷವಾದರೂ ಅವಳ ಹೆಸರು ಅಳಿದಿದೆಯೇ ಎಂದು ಯಾರೂ ನೋಡುವುದಿಲ್ಲ. ಫ್ರಾಂಕ್‌ಫರ್ಟಿನ ಗ್ರಾಹಕನಿಗೆ ಇಂಥ ವ್ಯವಸ್ಥೆ ಕಟ್ಟಿಕೊಟ್ಟರೆ ಆ ಎಂಜಿನಿಯರೇ ಮೊದಲು ಆಕ್ಷೇಪ ಎತ್ತುತ್ತಿದ್ದ.

ಕೆಲಸಗಾರರಿಗೂ ತಮ್ಮ ಮಾಹಿತಿಯ ಮೇಲೆ ಹಕ್ಕಿದೆ ಎಂಬ ದಿಕ್ಕಿನಲ್ಲಿ ಕರ್ನಾಟಕ ಒಂದು ಹೆಜ್ಜೆ ಇಟ್ಟಿದೆ. 2025ರ ಗಿಗ್ ಕಾರ್ಮಿಕರ ಕಾಯ್ದೆ, ತಮ್ಮನ್ನು ಗಮನಿಸುವ ಮತ್ತು ತಮ್ಮ ಕೆಲಸ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಡೆಲಿವರಿ ಹುಡುಗರಿಗೆ, ಕ್ಯಾಬ್ ಚಾಲಕರಿಗೆ ಕಂಪನಿ ತಿಳಿಸಬೇಕೆನ್ನುತ್ತದೆ. ಮನೆಗೆಲಸದವರಿಗೆ, ಕಾರ್ಖಾನೆಯವರಿಗೆ ಅಷ್ಟೂ ಸಿಕ್ಕಿಲ್ಲ.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕೂರಬೇಕಾಗಿಲ್ಲ. ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯಲ್ಲಿ ಒಬ್ಬ ನಿವಾಸಿ ಎದ್ದು ನಿಂತು, ಸಂದರ್ಶಕರ ವಿವರ ಇಂತಿಷ್ಟು ದಿನಕ್ಕೆ ಅಳಿಯಬೇಕು, ಕೆಲಸದವರಿಗೆ ಅಂಕ ಕೊಡುವುದು ನಿಲ್ಲಬೇಕು ಎಂದು ಠರಾವು ಮಂಡಿಸಬಹುದು. ಕಾರ್ಖಾನೆ ಮಾಲೀಕರು ಹಾಜರಾತಿ ಯಂತ್ರದ ಪಕ್ಕದಲ್ಲಿ, ಬೆರಳಚ್ಚಿನ ಲೆಕ್ಕ ಎಲ್ಲಿರುತ್ತದೆ, ಯಾವಾಗ ಅಳಿಸುತ್ತೇವೆ ಎಂದು ಕನ್ನಡದಲ್ಲಿ ಬರೆದು ಹಾಕಬಹುದು. ಜೆರಾಕ್ಸ್ ಅಂಗಡಿಯವರು ಅಂಗಡಿ ಮುಚ್ಚುವ ಮುನ್ನ ಅಂದಿನ ಫೈಲುಗಳನ್ನು ಅಳಿಸಬಹುದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಡ, ಹೊಸ ತಂತ್ರಜ್ಞಾನ ಬೇಡ. ಬೇರೆ ದೇಶದವರ ಖಾಸಗಿತನ ಕಾಯುವ ಕೋಡ್ ಬರೆಯುವ ಊರು, ತನ್ನದೇ ಗೇಟಿನಲ್ಲಿ, ತನ್ನದೇ ಕಾರ್ಖಾನೆಯಲ್ಲಿ ಆ ನಿಯಮ ಪಾಲಿಸಲು 2027ರ ಮೇ ತಿಂಗಳವರೆಗೆ ಕಾಯಬೇಕಿಲ್ಲ.